ಕರೆಮನೆಗೆ ಹೋಗುವ ದಾರಿ

ನಮ್ಮ ಊರಿನಲ್ಲಿ ಸಂಜೆ ಆರಕ್ಕೆ ಶುರುವಾಗುವ ಹಾರ್ನುಗಳು ಹನ್ನೊಂದು ಓಣಿಗಳನ್ನೂ ಕರೆದು ಮುಗಿಸಿದ ಮೇಲೆ, ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಇನ್ನೊಂದೇ ಒಂದು ಮನೆಯ ದಾರಿ ಹೇಳುತ್ತವೆ. ಆ ಮನೆಯಲ್ಲಿ ಈಗ ಯಾರೂ ಇಲ್ಲ. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಅದ್ಯಾರ ಮನೆಯೆಂದು ಅತ್ತೆಯರನ್ನು ಕೇಳುತ್ತಾರೆ, ಅತ್ತೆಯರು ನನ್ನ ಕಡೆ ಕೈ ತೋರಿಸುತ್ತಾರೆ. ಕೇಳಿದವರಿಗೆಲ್ಲ ಇಷ್ಟು ವರ್ಷ ಏನೋ ಒಂದು ಹೇಳಿ ತಪ್ಪಿಸಿಕೊಂಡಿದ್ದೇನೆ. ಈಗ ನನಗೆ ಅರವತ್ತೆರಡು. ತಪ್ಪಿಸಿಕೊಂಡು ಓಡಾಡಲು ಮೊಣಕಾಲು ಒಪ್ಪುತ್ತಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮ ಊರಿನವರಿಗೆ ತಮ್ಮ ಓಣಿಯ ತಿರುವು ದಾಟಿದ ಕೂಡಲೇ ತಮ್ಮ ಮನೆಯ ದಾರಿ ಮರೆತುಹೋಗುತ್ತದೆ. ಬೇರೆಯವರ ಮನೆಯ ದಾರಿ, ಅವರ ಬಾಗಿಲ ಬಣ್ಣ, ಅವರ ಮನೆಯ ನಾಯಿಯ ಹೆಸರು ಎಲ್ಲ ನೆನಪಿರುತ್ತದೆ. ತನ್ನದು ಮಾತ್ರ ಇಲ್ಲ. ಇನ್ನೊಬ್ಬರು ಹೇಳುತ್ತಾ ಹೋಗಬೇಕು. ಅವರ ದನಿ ಕಿವಿಗೆ ಬೀಳುತ್ತಿರುವಷ್ಟು ಹೊತ್ತು ದಾರಿ ನೆನಪಿರುತ್ತದೆ, ದನಿ ನಿಂತಿತೆಂದರೆ ದಾರಿಯೂ ನಿಂತಿತು. ವಿಳಾಸ ಬಾಯಿಪಾಠವಿದ್ದರೂ, ತನಗೆ ತಾನೇ ಎಷ್ಟು ಕೂಗಿ ಹೇಳಿಕೊಂಡರೂ ತಲೆಗೆ ಹತ್ತುವುದಿಲ್ಲ. ಹಿಂದೆ ಸಂಜೆಯಾದರೆ ಒಬ್ಬರನ್ನು ಇನ್ನೊಬ್ಬರು ಕೈಹಿಡಿದು ಮನೆ ಮುಟ್ಟಿಸುತ್ತಿದ್ದರಂತೆ. ಅವರನ್ನು ಇವರು, ಇವರನ್ನು ಮತ್ತೊಬ್ಬರು. ಹೇಗೆ ಹೊಂದಿಸಿದರೂ ಕೊನೆಗೆ ಒಬ್ಬರು ಹೊರಗೆ ಉಳಿಯಲೇಬೇಕು. ಆ ಒಬ್ಬರು ಊರ ಹೆಬ್ಬಾಗಿಲಾದ ಅಗಸಿಯ ಕಟ್ಟೆಯ ಮೇಲೆ ಮಲಗಿ ಬೆಳಗು ಮಾಡುತ್ತಿದ್ದರು. ಅದಕ್ಕೆ ಪಾಳಿ ಇತ್ತೆಂದು ನಮ್ಮಜ್ಜಿ ಹೇಳುತ್ತಿದ್ದಳು. ಪಾಳಿ ತಪ್ಪಿಸಲು ಜನ ಮಾಡುತ್ತಿದ್ದ ನಾಟಕಗಳನ್ನೂ ಹೇಳುತ್ತಿದ್ದಳು. ಅವಳೇ ಎರಡು ಸಲ ಹೊಟ್ಟೆನೋವೆಂದು ಮಲಗಿದ್ದಳಂತೆ.

ಕರೆಮನೆ ಬಂದ ಮೇಲೆ ಆ ತಾಪತ್ರಯ ತಪ್ಪಿತು. ಊರ ಮೂಲೆಮೂಲೆಗೂ ಹಾರ್ನು ಕಟ್ಟಿದರು. ಕರೆಮನೆಯಲ್ಲಿ ಕುಳಿತವರು ಒಂದೊಂದು ಓಣಿಗೆ ಆರು ನಿಮಿಷದಂತೆ ಮತ್ತೆ ಮತ್ತೆ ದಾರಿ ಹೇಳುವುದು, ಆ ಓಣಿಯವರು ಕೇಳುತ್ತಾ ನಡೆದು ಮನೆ ಸೇರುವುದು. ಹೇಳುವವರು ಫಕೀರಪ್ಪ ಮಾಸ್ತರರು. ಹೆಂಡತಿ ತೀರಿಕೊಂಡ ವರ್ಷವೇ ಕರೆಮನೆಯ ಹಿಂದಿನ ಕೋಣೆಗೆ ಬಂದು ನಿಂತವರು, ಮೂವತ್ತೊಂದು ವರ್ಷ ಕರೆಮನೆಯ ಸಂದಿಯ ತಿರುವು ದಾಟಿದ್ದಿಲ್ಲ. ಕಾಯಿಪಲ್ಲೆಯವರು, ಕ್ಷೌರಿಕರು, ಕೊನೆಗೆ ಡಾಕ್ಟರೂ ಅವರಿದ್ದಲ್ಲಿಗೇ ಬರುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಕರೆಯುವ ಕೋಣೆಯ ಗೋಡೆಗೆಲ್ಲ ದಪ್ಪ ಹಾಸಿಗೆ ಬಡಿದಿದ್ದರು, ಹಾರ್ನಿನ ಸದ್ದು ತಿರುಗಿ ಒಳಗೆ ಬಂದರೆ ಮೈಕು ಕಿರುಚುತ್ತಿತ್ತು. ಒಳಗೆ ಕುಳಿತವರಿಗೆ ಕರೆ ಕೇಳುವುದಿಲ್ಲ. ಕರೆ ಕೇಳದವರು ಮನೆಗೆ ಹೋಗುವುದು ಹೇಗೆ? ಹಾಗಾಗಿ ಅಲ್ಲೇ ಮನೆ ಮಾಡಿಕೊಂಡವರೇ ಆ ಕೆಲಸಕ್ಕೆ ಆಗಬೇಕಿತ್ತು.

ನಾನು ಅಲ್ಲಿಗೆ ಟೈಪಿಂಗ್ ಕೆಲಸಕ್ಕೆ ಸೇರಿದಾಗ ನನಗೆ ಮೂವತ್ತು ದಾಟಿತ್ತು. ಆ ಹೊತ್ತಿಗೆ ಕಂಪ್ಯೂಟರು ಬಂದು ನಾಲ್ಕು ವರ್ಷವಾಗಿತ್ತು. ಕರಿ ಪರದೆ, ಅದರ ಮೇಲೆ ಬಿಳಿ ಅಕ್ಷರ, ಕೊನೆಯಲ್ಲಿ ಮಿಟುಕುವ ಒಂದು ಗೆರೆ, ಅಷ್ಟೇ. ಪುಸ್ತಕದಲ್ಲಿ ಅದಕ್ಕೆ ಟರ್ಮಿನಲ್ ಎಂದಿತ್ತು, ಮಾಸ್ತರರು ಕರಿಕಿಟಕಿ ಎನ್ನುತ್ತಿದ್ದರು. ರಟ್ಟು ಹರಿದ ಆ ಒಂದೇ ಪುಸ್ತಕ ಓದಿ, ಐವತ್ತೆಂಟನೆಯ ವಯಸ್ಸಿನಲ್ಲಿ, ಅವರು ತಾವೇ ಒಂದು ಶೆಲ್ ಸ್ಕ್ರಿಪ್ಟ್ ಬರೆದಿದ್ದರು. ಯಂತ್ರ ಒಂದರ ಹಿಂದೊಂದು ಮಾಡಬೇಕಾದ ಕೆಲಸಗಳ ಪಟ್ಟಿ ಅದು. ಬೆಳಿಗ್ಗೆ ಎಲ್ಲಿ ಚಪ್ಪರ ಹಾಕಿದ್ದಾರೆ, ಎಲ್ಲಿ ನಳದ ಗುಂಡಿ ತೋಡಿದ್ದಾರೆ ಎಂದು ಕೇಳಿಕೊಂಡು, ಆ ಓಣಿಯ ದಾರಿಯನ್ನು ಹೊಸದಾಗಿ ತಮ್ಮ ದನಿಯಲ್ಲಿ ತುಂಬಿ, 'ಇವತ್ತು' ಎಂಬ ಪಟ್ಟಿಗೆ ಸೇರಿಸುವರು. ಸಂಜೆ ಆರಕ್ಕೆ ಕರಿಕಿಟಕಿಯಲ್ಲಿ 'ಕರೆ' ಎಂದು ಬರೆದು ಎಂಟರ್ ಒತ್ತುವರು. ಸ್ಕ್ರಿಪ್ಟು ಆ ಪಟ್ಟಿ ನೋಡಿಕೊಂಡು ಒಂದೊಂದೇ ದನಿಯನ್ನು ಹಾರ್ನಿಗೆ ಊದುತ್ತಿತ್ತು. ಕೆಲಸ ಹಗುರಾಯಿತು, ಆದರೆ ಎಂಟರ್ ಒತ್ತಲು, ಕರೆ ಮುಗಿಯುವತನಕ ಕರಿಕಿಟಕಿ ಕಾಯಲು ಮನುಷ್ಯ ಬೇಕೇ ಬೇಕಿತ್ತು.

ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ ಮಾಸ್ತರರು ಅಂದರು, "ನೀಲವ್ವಾ, ನನ್ನ ಎಡಗಿವಿ ಹೋತವಾ. ಬಲಗಿವಿನೂ ಇನ್ನೊಂದು ನಾಕ್ ತಿಂಗಳು ಅಂತಾರ ಡಾಕ್ಟರು. ಕಿವಿ ಇರೂತನಕ ಒಮ್ಮೆ ಹೊರಗ ಕುಂತು ಈ ಕರೆ ಕೇಳಬೇಕಂತ ಆಸೆ ಐತಿ. ಊರ ಮಂದಿ ಎಲ್ಲಾ ಕೇಳ್ಯಾರ, ಕರದಾಂವ ನಾನೊಬ್ಬನ ಕೇಳಿಲ್ಲ."

"ಅದಕ್ಕೇನ್ರೀ ಮಾಸ್ತರ, ಒಂದಿನ ನಾ ಕೂಡ್ತೀನಿ. ನೀವು ಹೋಗಿ ಕೇಳ್ಕೊಂಡ್ ಬರ್ರಿ" ಎಂದೆ.

"ನೀ ಕುಂತಿ ಅಂದ್ರ ನೀ ಹೊರಗ ಉಳದಂಗಾತು. ಒಬ್ಬರನ್ನ ಉಳಿಸಿ ಕೇಳೂ ಕರೆ ನನಗ ಬ್ಯಾಡ. ಯಾರೂ ಉಳೀಬಾರದು, ಅಂಥಾ ಕರೆ ಒಂದಿನಾ ಕೇಳಬೇಕು." ಹಾಗೆಂದು ಪುಸ್ತಕದ ಒಂದು ಪುಟ ತೆರೆದು ನನ್ನ ಮುಂದಿಟ್ಟರು. ಯಂತ್ರದ ಒಳಗೇ ಒಬ್ಬ ಆಳು ಇದ್ದಾನೆ, ಗಡಿಯಾರ ನೋಡಿಕೊಂಡು, ಹೇಳಿದ ಹೊತ್ತಿಗೆ ಹೇಳಿದ ಸ್ಕ್ರಿಪ್ಟನ್ನು ತಾನೇ ಓಡಿಸುತ್ತಾನೆ ಎಂದು ಅದರಲ್ಲಿತ್ತು. ಪುಸ್ತಕದಲ್ಲಿ ಅವನ ಹೆಸರು ಕ್ರಾನ್. ಮಾಸ್ತರರು ಅಷ್ಟರಲ್ಲೇ ಅವನಿಗೆ ಗಂಟೆಯಾಳು ಎಂದು ಹೆಸರಿಟ್ಟಾಗಿತ್ತು.

ಸೋಮವಾರ ಗಂಟೆಯಾಳಿಗೆ ಆರು ಗಂಟೆ ಎಂದು ಬರೆದುಕೊಟ್ಟೆವು. ಅದಕ್ಕೂ ಮೊದಲು ಕರಿಕಿಟಕಿಯಲ್ಲಿ ಐದು ಸಲ ಓಡಿಸಿ ನೋಡಿದ್ದೆವು, ಐದು ಸಲವೂ ಸರಿಯಾಗಿ ಓಡಿತ್ತು. ನಾನು ಹೊರಗೆ ನಿಂತು ಕಾದೆ. ಆರಾಯಿತು. ಆರೂಕಾಲಾಯಿತು. ಹಾರ್ನುಗಳು ಬಾಯಿ ಬಿಡಲಿಲ್ಲ. ಒಳಗಿದ್ದ ಮಾಸ್ತರರು ಕರೆ ನಡೆದಿದೆ ಎಂದುಕೊಂಡು ನಿಶ್ಚಿಂತೆಯಿಂದ ಅಡಿಕೆ ಹೋಳು ಮಾಡುತ್ತಿದ್ದರು. ನಾನು ಓಡಿಬಂದು ಹೇಳಿ, ಅವರು ಗಾಬರಿಯಲ್ಲಿ ಎಂಟರ್ ಒತ್ತುವ ಹೊತ್ತಿಗೆ ಊರೆಲ್ಲ ಕಲಸಿಹೋಗಿತ್ತು. ಕಾದು ಬೇಸತ್ತ ಜನ ಹಳೆಯ ಕಾಲದಂತೆ ಒಬ್ಬರನ್ನೊಬ್ಬರು ಮುಟ್ಟಿಸಲು ಹೊರಟು, ಅರ್ಧ ದಾರಿಯಲ್ಲಿ ತಮ್ಮ ಓಣಿಯ ಕರೆ ಕೇಳಿ ಜೊತೆಗಿದ್ದವರನ್ನು ಬಿಟ್ಟು ಓಡಿದರು. ನನ್ನ ಅವ್ವ ತಂಗೆವ್ವ ಹತ್ತು ಓಣಿ ತಿರುಗಿ ಮೊಸರು ಮಾರುವವಳು. ಆ ಗದ್ದಲದಲ್ಲಿ ನಮ್ಮ ಓಣಿಯ ಕರೆ ತಪ್ಪಿಸಿಕೊಂಡ ಅವಳು ಆ ರಾತ್ರಿ ಅಗಸಿಯ ಕಟ್ಟೆಯ ಮೇಲೆ ಮಲಗಿ ಬೆಳಿಗ್ಗೆ ಮನೆಗೆ ಬಂದಳು. ಎಷ್ಟೋ ವರ್ಷಗಳ ಮೇಲೆ ಆ ಕಟ್ಟೆಯ ಮೇಲೆ ಒಬ್ಬರು ಮಲಗಿದರು, ಅದೂ ನನ್ನ ಅವ್ವನೇ.

ಮರುದಿನ ಊರ ಪಂಚರಲ್ಲಿ ಹಿರಿಯರಾದ ಮುರಿಗೆಪ್ಪನವರು ಕರೆಮನೆಗೆ ಬಂದರು. ಬೈಯಲಿಲ್ಲ, ಅದೇ ಹೆಚ್ಚು ಸಂಕಟವಾಯಿತು. "ಫಕೀರಪ್ಪಾ, ನಿನ್ನ ಆಸೆ ದೊಡ್ಡದೇನಲ್ಲ. ಶನಿವಾರ ಇನ್ನೊಮ್ಮೆ ನೋಡು. ಅವತ್ತೂ ಹಾರ್ನು ಸುಮ್ಮನಿದ್ರ ಮುಗೀತು, ಮತ್ತ ಆ ಮಾತು ಎತ್ತಬಾರದು. ಮಂದಿನ್ನ ಬೀದ್ಯಾಗ ನಿಲ್ಲಿಸಾಕ ಆಗಾಂಗಿಲ್ಲ" ಎಂದು ಹೇಳಿ ಹೋದರು.

ನಾಲ್ಕು ದಿನ ಉಳಿದಿದ್ದವು. ಮಾಸ್ತರರು ಕರಿಕಿಟಕಿಯಲ್ಲಿ ಮತ್ತೆ ಮತ್ತೆ 'ಕರೆ' ಎಂದು ಬರೆದು ಓಡಿಸಿದರು, ಅದು ಮತ್ತೆ ಮತ್ತೆ ಸರಿಯಾಗಿಯೇ ಓಡಿತು. ಕುರ್ಚಿಯಲ್ಲಿ ಕುಳಿತು ಓಡಿಸಿದರೆ ಸರಿ, ಗಂಟೆಯಾಳು ಓಡಿಸಿದರೆ ಇಲ್ಲ. "ಮೈಗಳ್ಳ ಇದ್ದಾನಿಂವ" ಎಂದು ಮಾಸ್ತರರು ಗಂಟೆಯಾಳಿಗೆ ಬೈದರು. ನನಗೆ ಹಾಗನ್ನಿಸಲಿಲ್ಲ. ಅವನು ಎದ್ದು ಹೊರಟಿರಬಹುದು, ಎಲ್ಲೋ ಮುಗ್ಗರಿಸಿರಬಹುದು, ಅವನು ಕೂಗಿದ್ದು ನಮಗೆ ಕೇಳದಿರಬಹುದು. ಅವನಿಗೆ ಪರದೆಯೇ ಇಲ್ಲವಲ್ಲ! ಬುಧವಾರ ಪುಸ್ತಕ ತಡಕಾಡಿ, ಅವನು ಏನು ಗೊಣಗಿದರೂ ಒಂದು ಕಡತದಲ್ಲಿ ಬೀಳುವಂತೆ ಮಾಡಿದೆ. ಹಾರ್ನಿನ ತಂತಿ ಕಿತ್ತು ಸಣ್ಣದೊಂದು ಸ್ಪೀಕರು ಸಿಕ್ಕಿಸಿ, ಹನ್ನೊಂದು ಗಂಟೆಗೆ ಓಡಿಸೆಂದು ಅವನಿಗೆ ಹೇಳಿದೆ. ಸ್ಪೀಕರು ತುಟಿ ಬಿಚ್ಚಲಿಲ್ಲ. ಕಡತ ತೆರೆದು ನೋಡಿದರೆ ಒಂದೇ ಸಾಲು. 'ಊದು' ಎಂಬ ಆಜ್ಞೆ ಸಿಗಲಿಲ್ಲ.

'ಊದು' ಎನ್ನುವುದು ದನಿಯನ್ನು ಹಾರ್ನಿಗೆ ಕಳಿಸುವ ಪ್ರೋಗ್ರಾಮು. "ಇಲ್ಲೇ ಐತೆಲ್ಲ!" ಎಂದು ಮಾಸ್ತರರು ಕರಿಕಿಟಕಿಯಲ್ಲಿ 'ಊದು' ಎಂದು ಬರೆದು ತೋರಿಸಿದರು. ಸ್ಪೀಕರು ಪೀಂ ಎಂದು ಊದಿತು. "ಕಣ್ಣ ಮುಂದಿದ್ರೂ ಕಾಣಾಂಗಿಲ್ಲ ಅಂತಾನ, ಏನ ಹೇಳಬೇಕಿಂವಗ."

ಆ ಸಂಜೆ ಮನೆಯಲ್ಲಿ ಅವ್ವ ಮೊಸರಿನ ಗಡಿಗೆ ತೊಳೆಯುತ್ತಾ ಕಟ್ಟೆಯ ಮೇಲೆ ಮಲಗಿದ ಕಥೆಯನ್ನು ನಾಲ್ಕನೆಯ ಸಲ ಹೇಳುತ್ತಿದ್ದಳು. "ಅಲ್ಲಾ, ಆ ಗಿರಣಿ ಹುಡುಗಿ ನನಗ ದಾರಿ ಹೇಳಾಕ ಬಂದ್ಲು. ನಿಮ್ಮನಿ ಯಾವದ ಆಯಿ ಅಂದ್ಲು. ನಾ ಗಡಿಬಿಡ್ಯಾಗ, ಬೇವಿನ ಗಿಡದ ಮನಿ ಅಂದೆ. ಯಾವ ಬೇವಿನ ಗಿಡ ಅಂತ ಆಕಿಗೇನ ಗೊತ್ತ? ಮನಿಮಾತು ಹೊರಗ ಆಡಿದ್ರ ಹಿಂಗ ಆಗತೈತಿ. ತಪ್ಪು ನಂದ."

ಈ ಮನೆಮಾತಿನ ವಿಷಯ ನಮ್ಮ ಊರಿನಲ್ಲಿ ಸಣ್ಣದಲ್ಲ. ಓಣಿಯ ಹೊರಗೆ ಆಡುವಾಗ ಯಾವ ಮನೆಯನ್ನೇ ಆಗಲಿ ಅಗಸಿಯಿಂದ ಹಿಡಿದು ಪೂರ್ತಿ ಹೇಳಬೇಕು. ಅಗಸಿಯಿಂದ ಬಲಕ್ಕೆ, ಗಾಣದ ಓಣಿ, ಎರಡನೆಯ ಸಂದಿ, ಬೇವಿನ ಗಿಡದ ಮನೆ, ಹೀಗೆ. ಆದರೆ ಮನೆಯ ಒಳಗೆ, ನಮ್ಮವರ ಮುಂದೆ, ಹಾಗೆ ಅಗಸಿಯಿಂದ ಹೇಳಿದರೆ ಅದು ಅವಮಾನ. ನೀನು ನನಗೆ ಹೊರಗಿನವನು ಎಂದು ಮುಖದ ಮೇಲೆ ಹೇಳಿದಂತೆ. ನಮ್ಮ ಎದುರು ಮನೆಯ ಹೊಸ ಸೊಸೆಯೊಬ್ಬಳು ಗಂಡನಿಗೆ ಚೀಟಿ ಬರೆಯುವಾಗ ಮರೆತು ಅಗಸಿಯಿಂದ ವಿಳಾಸ ಹಾಕಿದ್ದಕ್ಕೆ ಅತ್ತೆ ಮೂರು ದಿನ ಊಟ ಬಿಟ್ಟಿದ್ದಳು.

ಅವ್ವ ಗಡಿಗೆ ಬೋರಲು ಹಾಕುವುದರೊಳಗೆ ನನಗೆ ಹೊಳೆಯಿತು. ಮಾಸ್ತರರಿಗೆ ಕರಿಕಿಟಕಿ ಎಂದರೆ ಸ್ವಂತ ಮನೆ. ಅಲ್ಲಿ ಅವರು ಎಲ್ಲವನ್ನೂ ಮನೆಮಾತಿನಲ್ಲೇ ಬರೆದಿದ್ದರು. ಅವರು ಬಂದು ಕುಳಿತ ಕೂಡಲೇ ಕರಿಕಿಟಕಿ ಅವರ ಗುರುತಿನ ಕಡತ ಓದಿಕೊಂಡು, 'ಊದು' ಎಲ್ಲಿದೆ, ದನಿಗಳೆಲ್ಲಿವೆ, ಎಲ್ಲವನ್ನೂ ಮನಸ್ಸಿಗೆ ತಂದುಕೊಳ್ಳುತ್ತಿತ್ತು. ಗಂಟೆಯಾಳು ಆ ಕಡತ ಓದುವುದಿಲ್ಲ. ಅವನು ತಿರುವು ದಾಟಿ ಬಂದ ಪರಓಣಿಯವನು. ಅವನ ಮುಂದೆ ಬೇವಿನ ಗಿಡದ ಮನೆ ಎಂದರೆ ಏನು ತಿಳಿಯಬೇಕು?

ಗುರುವಾರ ಬೆಳಿಗ್ಗೆ ಇದನ್ನು ಹೇಳಿದಾಗ ಮಾಸ್ತರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಿಟ್ಟು ಬಂದರೆ ಹಾಗೆ ಮಾಡುತ್ತಿದ್ದರು. "ಅಂದ್ರ? ನಮ್ಮ ಮನಿಯೊಳಗ ನಾನ ಅಗಸಿಯಿಂದ ಹಿಡದು ಬರೀಬೇಕೇನು? ನನ್ನ ಹೆಂಡತಿ ಹೋದ ಮ್ಯಾಲೆ ಮನಿ ಅಂತ ಇದ್ದದ್ದು ಇದೊಂದು. ಇದನ್ನೂ ಪರಮನಿ ಮಾಡು ಅಂತೀಯೇನು?"

ಎರಡು ಲೋಟ ಚಹಾ ಆಯಿತು. ಅವರ ಆಸೆಗೂ ಅವರ ಅಭಿಮಾನಕ್ಕೂ ನಡುವೆ ನಾನು ಸಿಕ್ಕಿಹಾಕಿಕೊಂಡಿದ್ದೆ. ಕೊನೆಗೆ ಹೇಳಿದೆ, "ಮಾಸ್ತರ, ಮನಿ ಬದಲಾಗಾಂಗಿಲ್ರಿ. ನಿಮ್ಮ ಕೆಲಸಾ ಹೊತ್ಕೊಂಡು ಒಬ್ಬ ಹೊರಗಿನಾಂವ ಬಾಗಿಲಿಗೆ ಬಂದಾನ. ಅವಗ ದಾರಿ ಗೊತ್ತಿಲ್ಲ. ದಾರಿ ಗೊತ್ತಿಲ್ಲದವರಿಗೆ ಪೂರ್ತಿ ಹೇಳೂದನ್ನ ಈ ಊರಾಗ ನಿಮಗಿಂತ ಚೊಲೋ ಯಾರು ಬಲ್ಲರು?"

ಅವರು ಕನ್ನಡಕ ಹಾಕಿಕೊಂಡು, ಕೀಲಿಮಣೆ ಹತ್ತಿರ ಎಳೆದುಕೊಂಡು, ತಾವೇ ಬರೆದರು. 'ಊದು' ಎಂದಿದ್ದ ಕಡೆಯಲ್ಲೆಲ್ಲ ಯಂತ್ರದ ಬುಡದಿಂದ ಹಿಡಿದು ಅದು ಇರುವ ಜಾಗದ ಪೂರ್ತಿ ದಾರಿ.

ಓಡಿಸಿದೆವು. ಈ ಸಲ ಗಂಟೆಯಾಳು ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಿ ಬಿದ್ದ. ಕಡತದಲ್ಲಿ, 'ಇವತ್ತು' ಎಂಬ ಪಟ್ಟಿ ಇಲ್ಲಿ ಇಲ್ಲ, ಎಂದಿತ್ತು. ನಾವು ಕುಳಿತು ಓಡಿಸುವಾಗ 'ಇಲ್ಲಿ' ಎಂದರೆ ದನಿಗಳ ಕೋಣೆ, ಅವನಿಗೆ 'ಇಲ್ಲಿ' ಎಂದರೆ ಬೇರೆಲ್ಲೋ ಜಗಲಿ. ಅದನ್ನೂ ಪೂರ್ತಿ ಬರೆದರು. ಹೀಗೆ ಬಿದ್ದ ಮೇಲೆ ಎತ್ತುತ್ತಾ ಕೂರುವ ಬದಲು ಮೊದಲೇ ತಿಳಿಯುವುದು ಹೇಗೆಂದು ನಾನು ಪುಸ್ತಕದಲ್ಲಿ ಮತ್ತೆ ಹುಡುಕಿದೆ. ಕರಿಕಿಟಕಿಗೆ ಅದರ ನೆನಪುಗಳನ್ನೆಲ್ಲ ಕಳಚಿಟ್ಟು, ಬರಿಗೈಯಲ್ಲಿ ಸ್ಕ್ರಿಪ್ಟು ಓಡಿಸು ಎನ್ನುವ ಆಜ್ಞೆಯೊಂದು ಸಿಕ್ಕಿತು. ಶುಕ್ರವಾರವೆಲ್ಲ ಹಾಗೆ ಬರಿಗೈಯಲ್ಲೇ ಓಡಿಸಿದೆವು. ಎಲ್ಲೆಲ್ಲಿ ಮನೆಮಾತು ಉಳಿದಿತ್ತೋ ಅಲ್ಲೆಲ್ಲ ಅದು ಮುಗ್ಗರಿಸಿತು. ಮಾಸ್ತರರು ಒಂದೊಂದನ್ನೇ ತಿದ್ದುತ್ತಾ ಹೋದರು. ಸಂಜೆಗೆ ಸಣ್ಣ ಸ್ಪೀಕರಿನಲ್ಲಿ ಹನ್ನೊಂದು ಓಣಿಗಳೂ ಎಡವದೆ ಬಂದವು. ಮಾಸ್ತರರು ಬಲಗಿವಿ ಸ್ಪೀಕರಿಗೆ ಒತ್ತಿ ಹಿಡಿದು, "ನನ್ನ ದನಿ ಇಷ್ಟ ಗೊಗ್ಗರ ಐತೇನು?" ಎಂದು ನಕ್ಕರು.

ಶನಿವಾರ ಐದಕ್ಕೆ ಅವರು ತೊಳೆದ ಧೋತರ ಉಟ್ಟು, ಹೆಂಡತಿಯ ಕಾಲದ ಕೊಡೆ ಹಿಡಿದು ಹೊರಟರು. ಸಂದಿಯ ತಿರುವಿನಲ್ಲಿ ಒಮ್ಮೆ ನಿಂತು ಹಿಂದೆ ನೋಡಿದರು. ಮತ್ತೊಂದು ಹೆಜ್ಜೆ ಇಟ್ಟು ಮತ್ತೆ ನೋಡಿದಾಗ ಅವರ ಮುಖದಲ್ಲಿ ಈ ಜಾಗದ ಗುರುತು ಇರಲಿಲ್ಲ. ಹೊಸ ಊರಿಗೆ ಬಂದವರಂತೆ ಅತ್ತಿತ್ತ ನೋಡುತ್ತಾ ಹೋದರು.

ನಾನು ಒಳಗೆ ಬಂದು ಕೊನೆಯ ಸಲವೆಂದು ಪಟ್ಟಿ ತೆರೆದೆ. ನೇಕಾರ ಓಣಿ, ಗಿರಣಿ ಓಣಿ, ಗಾಣದ ಓಣಿ, ಹೀಗೆ ಹನ್ನೊಂದು. ಎಲ್ಲವೂ ಸರಿ ಎಂದು ಮುಚ್ಚುವಾಗ ಕೈ ಅಲ್ಲೇ ನಿಂತಿತು. ಕರೆಮನೆಯ ಸಂದಿ ಎಲ್ಲಿ? ಅಲ್ಲಿರುವುದು ಒಂದೇ ಮನೆ, ಆ ಮನೆಯವರು ಎಂದೂ ಹೊರಗೆ ಹೋದವರಲ್ಲ. ಯಾರೂ ಉಳಿಯಬಾರದು ಎಂದು ಹಟ ಹಿಡಿದ ಮನುಷ್ಯ ಊರಿನವರನ್ನೆಲ್ಲ ಎಣಿಸಿ ತನ್ನನ್ನೇ ಬಿಟ್ಟಿದ್ದರು. ಎಣಿಸಿದ್ದರೂ ಏನು ಬಂತು, ಅವರ ದನಿ ಅವರಿಗೆ ಆಗಿಬರುವುದಿಲ್ಲ.

ಗಡಿಯಾರದಲ್ಲಿ ಐದೂ ಮುಕ್ಕಾಲು. ಮೈಕು ಎಳೆದುಕೊಂಡು ನನ್ನ ದನಿಯಲ್ಲೇ ತುಂಬಿದೆ. ಮೊದಲ ಸಲ ಗಡಿಬಿಡಿಯಲ್ಲಿ, "ಮಾಸ್ತರ, ಚಹಾದ ಒಲೆ ಇರೂ ಕೋಣಿಗೆ ಬರ್ರಿ" ಎಂದು ಮನೆಮಾತಿನಲ್ಲೇ ಹೇಳಿಬಿಟ್ಟೆ. ಅಳಿಸಿ, ಅಗಸಿಯಿಂದ ಹಿಡಿದು ಪೂರ್ತಿ ಹೇಳಿದೆ. ಪಟ್ಟಿಯ ಕೊನೆಗೆ ಅದನ್ನೂ ಪೂರ್ತಿ ದಾರಿ ಬರೆದೇ ಸೇರಿಸಿದೆ. ಬರಿಗೈಯಲ್ಲಿ ಪರೀಕ್ಷೆ ಮಾಡಲು ಹೊತ್ತಿರಲಿಲ್ಲ. ನಾನು ಮುಟ್ಟಿದ್ದರಿಂದಲೇ ಎಲ್ಲ ಕೆಟ್ಟು ಇಡೀ ಊರು ಬೀದಿಯಲ್ಲಿ ನಿಂತರೆ? ಆ ಭಯ ಇವತ್ತಿಗೂ ಎದೆಯಲ್ಲಿ ಹಾಗೇ ಇದೆ. ಖಾಲಿ ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿ, ಕರೆಯುವ ಕೋಣೆಯ ಬಾಗಿಲು ಮುಚ್ಚಿ ಹೊರಗೆ ಬಂದು ನಿಂತೆ.

ಆರಕ್ಕೆ ಸರಿಯಾಗಿ ಹಾರ್ನು ಗಂಟಲು ಕೆರೆದುಕೊಂಡಿತು. ನನಗೆ ಗೊತ್ತಿಲ್ಲದೆಯೇ ಕೈ ಮುಗಿದುಬಿಟ್ಟೆ. ನಮ್ಮ ಗಾಣದ ಓಣಿ ಮೂರನೆಯದಾಗಿ ಬಂತು, ಮನೆಯ ದಾರಿ ಕಣ್ಣ ಮುಂದೆ ಬಿಚ್ಚಿಕೊಂಡಿತು. ನಾನು ಹೋಗಲಿಲ್ಲ. ಆರು ನಿಮಿಷ ಕಳೆದು ಅದು ಮತ್ತೆ ಅಳಿಸಿಹೋಯಿತು.

ಮುಂದಿನದನ್ನು ನನಗೆ ಹೇಳಿದವಳು ಅವ್ವ. ಅವಳು ಗಿರಣಿ ಓಣಿಯಲ್ಲಿ ಮೊಸರು ಮಾರುತ್ತಿದ್ದಾಗ ಗಿರಣಿಯ ಮುಂದಿನ ಬೆಂಚಿನ ಮೇಲೆ ಮಾಸ್ತರರು ಕುಳಿತಿದ್ದರಂತೆ. ಒಂದೊಂದು ಓಣಿ ಕರೆದಾಗಲೂ ತಲೆಯಾಡಿಸಿ, ಆ ಓಣಿಯವರು ಎದ್ದು ನಡೆಯುವುದನ್ನು ಮಕ್ಕಳು ಜಾತ್ರೆ ನೋಡಿದ ಹಾಗೆ ನೋಡುತ್ತಿದ್ದರಂತೆ. "ನೋಡ ತಂಗೆವ್ವ, ಹೆಂಗ ಹೊಂಟಾರ! ನಾ ಹೇಳಿದಂಗ ಹೊಂಟಾರ!" ಎಂದು ಕಣ್ಣು ಒರೆಸಿಕೊಂಡರಂತೆ. ಹನ್ನೊಂದೂ ಮುಗಿದವು, ಬೀದಿ ಖಾಲಿಯಾಯಿತು. ಮಾಸ್ತರರು ಕೊಡೆ ಹಿಡಿದು ಎದ್ದರು, ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ ಇಟ್ಟು ಮತ್ತೆ ಕುಳಿತರು. ಅವರಿಗೆ ಆಗಷ್ಟೇ ತಿಳಿದಿತ್ತು. "ಇರಲಿ ಬಿಡವಾ, ಕೇಳಿದ್ನೆಲ್ಲ, ಸಾಕು. ಅಗಸಿ ಕಟ್ಟಿ ಐತೆಲ್ಲ, ಅಲ್ಲೇ ಮಲಗತೀನಿ." ಎಂದರಂತೆ. ಅವ್ವ ತನ್ನ ಓಣಿಯ ಕರೆಗೆ ಎದ್ದಿರಲಿಲ್ಲ. ಇಂಥವರನ್ನು ಒಬ್ಬರನ್ನೇ ಬಿಟ್ಟು ಹೇಗೆ ಹೋಗುವುದು ಎನ್ನಿಸಿತಂತೆ, ತಾನೇ ದಾರಿ ಹೇಳಿ ಮುಟ್ಟಿಸಲು ಗಡಿಗೆ ಎತ್ತಿದಳಂತೆ.

ಆಗ ಹಾರ್ನಿನಲ್ಲಿ ನನ್ನ ದನಿ ಬಂತು. "ಫಕೀರಪ್ಪ ಮಾಸ್ತರರೇ. ಅಗಸಿಯಿಂದ ಎಡಕ್ಕೆ, ನೇಕಾರ ಓಣಿ ದಾಟಿ, ಹಳೆಯ ಬಾವಿಯ ಹತ್ತಿರ ಬಲಕ್ಕೆ, ಮೊದಲನೆಯ ಸಂದಿ, ಕೊನೆಯ ಮನೆ. ಬಾಗಿಲು ತೆರೆದಿದೆ." ಮಾಸ್ತರರು ಬಲಗಿವಿ ಹಾರ್ನಿನ ಕಡೆ ತಿರುಗಿಸಿ, ಬಾಯಿ ತೆರೆದು ನಿಂತುಬಿಟ್ಟರಂತೆ. ಮೂರನೆಯ ಸಲ ಹೇಳುವಾಗ ನಡೆಯತೊಡಗಿದರಂತೆ, ಅವ್ವ ಗಡಿಗೆ ಹೊತ್ತು ಹಿಂದೆ.

ಅವರು ಸಂದಿಯ ತಿರುವಿನಲ್ಲಿ ಕಾಣಿಸಿದಾಗ ಹಾರ್ನು ಇನ್ನೂ ನನ್ನ ದನಿಯಲ್ಲಿ ಹೇಳುತ್ತಲೇ ಇತ್ತು. ನಾನೂ ಅವ್ವನೂ ಆ ರಾತ್ರಿ ಮನೆಗೆ ಹೋಗುವಂತಿರಲಿಲ್ಲ, ಕರೆಮನೆಯಲ್ಲೇ ಉಳಿದೆವು. ಮೂವರೂ ಉಳಿದ ಮೊಸರಿಗೆ ಅನ್ನ ಕಲಸಿ ಉಂಡೆವು. ಚಳಿಗಾಲ ಮುಗಿಯುವ ಮೊದಲೇ ಅವರ ಬಲಗಿವಿಯೂ ಹೋಯಿತು. ಅಲ್ಲಿಯವರೆಗೆ ದಿನಾ ಸಂಜೆ ಹೊರಗೆ ಹೋಗಿ ಕುಳಿತು ಕರೆಸಿಕೊಂಡೇ ಬರುತ್ತಿದ್ದರು. ಆ ಮೊದಲ ರಾತ್ರಿ ಊಟ ಮುಗಿಸಿ ಕೈ ತೊಳೆದು ಒರೆಸಿಕೊಳ್ಳುತ್ತಾ ಅವರು ಮುಖ ಗಂಟು ಹಾಕಿಕೊಂಡು ನನ್ನನ್ನು ನೋಡಿದ್ದು ನೆನಪಿದೆ.

"ಅಲ್ಲವಾ ನೀಲವ್ವಾ, ನನ್ನ ಮನಿ ದಾರಿ ನನಗ ಅಗಸಿಯಿಂದ ಹಿಡದು ಹೇಳಿದೆಲ್ಲ, ನಾ ಏನ ಹೊರಗಿನಾಂವ?"

"ಹೊರಗ ಇದ್ರೆಲ್ರೀ ಮಾಸ್ತರ" ಎಂದೆ. "ಅದಕ್ಕ ಕರದೆ."